ಅಡುಗೆ ಸೌದೆಯ ಖರ್ಚು: ಒಂದು ಮನೆಗೂ ಇನ್ನೊಂದಕ್ಕೂ ಇಷ್ಟು ಅಂತರ ಯಾಕೆ?

ಪಟ್ಟಿಗಾರ

ಅಡುಗೆ ಸೌದೆಗೆ ಮನೆಗಳು ಮಾಡುವ ಖರ್ಚಿನ ಬಗ್ಗೆ ಒಂದು ಸಮೀಕ್ಷೆಯ ಪ್ರಶ್ನಾವಳಿ ತಯಾರಾಗುತ್ತಿದೆ. ಸದ್ಯ ಪಟ್ಟಿಯಲ್ಲಿ ಇರುವುದು ಇಷ್ಟು: ಮನೆಮಂದಿಯ ಸಂಖ್ಯೆ, ಆದಾಯ, ಮನೆ ನಡೆಸುವವರ ಓದು, ಸೌದೆಯ ದರ, ಗ್ಯಾಸ್ ಅಥವಾ ಕರೆಂಟ್ ಒಲೆ ಇದೆಯೋ ಇಲ್ಲವೋ, ಸೌದೆ ಸಿಗುವ ಜಾಗ ಎಷ್ಟು ದೂರ. ಈ ಆರು ಅಂಶ ಒಂದೇ ತೆರನಾಗಿರುವ ಎರಡು ಮನೆಗಳಲ್ಲೂ ತಿಂಗಳ ಖರ್ಚು ದುಪ್ಪಟ್ಟು ವ್ಯತ್ಯಾಸ ಆಗಬಹುದು ಅಂತ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಹೇಳುತ್ತಾರೆ. ಪಟ್ಟಿಯಿಂದ ಬಿಟ್ಟುಹೋಗಿರುವುದು ಏನು? ಮಾದರಿಗೆ ಟೋಬಿಟ್ (ಖರ್ಚು ಸೊನ್ನೆ ಇರುವ ಮನೆಗಳೂ ಸೇರಿದ ದತ್ತಾಂಶಕ್ಕೆ ಬಳಸುವ ಅಂಕಿಅಂಶದ ವಿಧಾನ) ಸಾಕೇ?

ತಕ್ಕಡಿ

ಬಿಟ್ಟುಹೋಗಿರುವುದು ನೀರು. ಸೌದೆಯೊಳಗಿನ ನೀರು.

ಒಣಗಿಸಿ ತೂಗಿದ ಕಟ್ಟಿಗೆ, ಯಾವ ಮರದ್ದೇ ಆಗಲಿ, ಕಿಲೋಗೆ ಸುಮಾರು 18.5 ಮೆಗಾಜೌಲ್ ಶಾಖ ಕೊಡುತ್ತದೆ. ಅದರಲ್ಲಿ ನೀರಿದ್ದರೆ ಎರಡು ಕಡೆ ನಷ್ಟ. ಒಂದು, ತೂಕದ ಅಷ್ಟು ಪಾಲು ಉರಿಯುವುದೇ ಇಲ್ಲ. ಎರಡು, ಆ ನೀರನ್ನು ಆವಿ ಮಾಡಲು ಕಿಲೋಗೆ ಸುಮಾರು 2.44 ಮೆಗಾಜೌಲ್ ಉಳಿದ ಕಟ್ಟಿಗೆಯಿಂದಲೇ ಹೋಗಬೇಕು. ಲೆಕ್ಕ ಹಾಕಿದರೆ:

20% ನೀರಿದ್ದರೆ ಕಿಲೋಗೆ 14.3
30% ಇದ್ದರೆ 12.2
40% ಇದ್ದರೆ 10.1
50% ಇದ್ದರೆ 8.0

ನೀರಿನ ಪಾಲು 10 ಹೆಚ್ಚಿದಂತೆಲ್ಲ ಕಿಲೋಗೆ 2.1 ಮೆಗಾಜೌಲ್ ಖೋತಾ. ಈಗ ತಾನೇ ಕಡಿದ ಮರದಲ್ಲಿ 40ರಿಂದ 60% ನೀರಿರುತ್ತದೆ, ಗಾಳಿಗೆ ಚೆನ್ನಾಗಿ ಒಣಗಿದ್ದರಲ್ಲಿ 15ರಿಂದ 20%. ಅಂದರೆ ಒಂದೇ ದರ, ಒಂದೇ ಅಡುಗೆ, ಆದರೂ ಒಬ್ಬರಿಗೆ ಬೇಕಾಗುವುದು ಇನ್ನೊಬ್ಬರ ಹೆಚ್ಚುಕಡಿಮೆ ಎರಡು ಪಟ್ಟು.

ದರದ ವಿಷಯಕ್ಕೆ ಬನ್ನಿ. 20% ನೀರಿನ ಸೌದೆ ಕಿಲೋಗೆ 10 ರೂಪಾಯಿ, 40% ನೀರಿನದ್ದು 8 ರೂಪಾಯಿ ಎಂದಿಟ್ಟುಕೊಳ್ಳಿ. ನೋಡಿದರೆ ಎರಡನೆಯದೇ ಅಗ್ಗ. ಶಾಖದ ಲೆಕ್ಕದಲ್ಲಿ ಮೊದಲನೆಯದು ಮೆಗಾಜೌಲಿಗೆ 0.70, ಎರಡನೆಯದು 0.79. ಅಗ್ಗದ್ದು ಅಂತ ಕೊಂಡಿದ್ದು ಶೇಕಡಾ 13 ದುಬಾರಿ. ಹಸಿ ಸೌದೆ ಅರೆಬರೆ ಉರಿದು ಹೊಗೆಯಾಗಿ ಹೋಗುವ ನಷ್ಟ ಇದರಲ್ಲಿ ಸೇರಿಲ್ಲ.

ನಿಮ್ಮ ಪ್ರಶ್ನಾವಳಿಯ ‘ಸೌದೆಯ ದರ’ ಎಂಬ ಕಲಮಿನಲ್ಲಿ ಅಗ್ಗ ಅಂತ ಕಾಣುವ ಮನೆಯೇ ಹೆಚ್ಚು ಖರ್ಚು ಮಾಡುವ ಮನೆಯೂ ಆಗಿರಬಹುದು. ತೇವ ಅಳೆಯದಿದ್ದರೆ ಆ ಕಲಂ ನಿಮ್ಮನ್ನೇ ದಾರಿ ತಪ್ಪಿಸುತ್ತದೆ.

ಕರಿಗೊಬ್ಬ

> ಯಾವ ಮರದ್ದೇ ಆಗಲಿ

ಇದನ್ನು ಒಪ್ಪುವುದು ಕಷ್ಟ. ಗಟ್ಟಿ ಮರಕ್ಕೆ ಕಾವು ಹೆಚ್ಚು ಅನ್ನುವುದು ಒಲೆ ಮುಂದೆ ಕೂತವರಿಗೆಲ್ಲ ಗೊತ್ತು. ಹಗುರ ಮರ ಭಗ್ ಅಂತ ಉರಿದು ಮುಗಿದುಹೋಗುತ್ತದೆ. ಗಟ್ಟಿ ಮರಕ್ಕೆ ಕಿಲೋಗೆ ಎರಡು ಕಾಸು ಹೆಚ್ಚು ಕೊಟ್ಟರೂ ಲಾಭವೇ.

ತಕ್ಕಡಿ

ಒಲೆ ಮುಂದೆ ಕಂಡಿದ್ದು ಸರಿ, ಕಿಲೋ ಲೆಕ್ಕ ತಪ್ಪು. ಒಂದು ತುಂಡಿಗೆ ಗಟ್ಟಿ ಮರದಲ್ಲಿ ಶಾಖ ಹೆಚ್ಚು, ಯಾಕಂದರೆ ಆ ತುಂಡೇ ಭಾರ. ಒಂದು ಕಿಲೋಗೆ ಹೆಚ್ಚುಕಡಿಮೆ ಒಂದೇ. ರಾಳ ಇರುವ ಮರದಲ್ಲಿ ಕೊಂಚ ಜಾಸ್ತಿ, ಅಷ್ಟೇ.

ಹಾಗಾಗಿ ಕೊಳ್ಳುವ ಅಳತೆಯೇ ಒಂದು ಅಂಶ:

ತೂಕಕ್ಕೆ ಕೊಂಡರೆ ತೇವ ನೋಡಿ, ಜಾತಿ ನೋಡಬೇಡಿ. ಗಾತ್ರಕ್ಕೆ (ಗಾಡಿ, ಹೊರೆ, ಘನ ಮೀಟರ್) ಕೊಂಡರೆ ಜಾತಿ ನೋಡಿ, ತೇವ ಅಷ್ಟಾಗಿ ನೋಡಬೇಕಿಲ್ಲ, ಆಮೇಲೆ ಒಣಗಿಸಿಕೊಳ್ಳಬಹುದು. ಗಾತ್ರಕ್ಕೆ ಮಾರುವವರು ನೀರಿಗೆ ದುಡ್ಡು ತೆಗೆದುಕೊಳ್ಳಲಾರರು. ತೂಕಕ್ಕೆ ಮಾರುವವರು ತೆಗೆದುಕೊಳ್ಳಬಹುದು.

ಗಾತ್ರದ ಲೆಕ್ಕ ಎಷ್ಟು ಏರುಪೇರಾಗುತ್ತದೆ ನೋಡಿ. ಒಪ್ಪವಾಗಿ ಪೇರಿಸಿದ 1 ಘನ ಮೀಟರ್ ರಾಶಿಯಲ್ಲಿ ನಿಜವಾದ ಮರ 0.6ರಿಂದ 0.75 ಘನ ಮೀಟರ್, ಉಳಿದದ್ದು ಗಾಳಿ. ಅದನ್ನೇ ಗಾಡಿಗೆ ಸುಮ್ಮನೆ ಎಸೆದು ತುಂಬಿದರೆ 0.4ರಿಂದ 0.5. ಸೊಟ್ಟ ಕೊಂಬೆಗಳಾದರೆ ಇನ್ನೂ ಕಡಿಮೆ. 0.65 ಎಂದು ಹಿಡಿದರೆ, ಘನ ಮೀಟರಿಗೆ 400 ಕಿಲೋ ಒಣ ತೂಕದ ಹಗುರ ಮರದಲ್ಲಿ 260 ಕಿಲೋ ಒಣ ಕಟ್ಟಿಗೆ, 700ರ ಗಟ್ಟಿ ಮರದಲ್ಲಿ 455 ಕಿಲೋ. ಒಂದೇ ರಾಶಿ, ಒಂದೇ ಬೆಲೆ, ಶಾಖ 1.75 ಪಟ್ಟು. ಗಾಡಿ ಲೆಕ್ಕದಲ್ಲಿ ನೀವು ಹೇಳಿದ ಗಟ್ಟಿ ಮರ ಖಂಡಿತ ಲಾಭ.

ಕರಿಗೊಬ್ಬ

ಸರಿ, ಕಿಲೋ ಮಾತು ಹಿಂತೆಗೆದುಕೊಂಡಿದ್ದೇನೆ. ಆದರೆ ಒಂದು ಸೇರಿಸಿ: ಗಟ್ಟಿ ಮರದ ಕೆಂಡ ನಿಲ್ಲುತ್ತದೆ, ಸಣ್ಣ ಉರಿಯಲ್ಲಿ ಬೇಯುವ ಅಡುಗೆಗೆ ಆ ಕೆಂಡವೇ ಸಾಕು. ಹಗುರ ಮರದಲ್ಲಿ ಅದೇ ಕೆಲಸಕ್ಕೆ ಪದೇ ಪದೇ ಸೌದೆ ತುರುಕಬೇಕು. ಮೆಗಾಜೌಲ್ ಒಂದೇ ಆದರೂ ಬಳಕೆ ಒಂದೇ ಅಲ್ಲ.

ತಕ್ಕಡಿ

ಅದು ನ್ಯಾಯವಾದ ಮಾತು.

ಸಿಬಿರು

ತೇವ ಅಳೆಯುವ ಕಡೆ ಸಮೀಕ್ಷೆಗಳು ಎಡವುವುದು ಇಲ್ಲಿ: ಎರಡು ಮೊಳೆ ಚುಚ್ಚುವ ಮೀಟರ್ ತೋರಿಸುವ ಶೇಕಡಾವಾರು ಸಾಮಾನ್ಯವಾಗಿ ಒಣ ತೂಕದ ಮೇಲಿನದ್ದು. ಮೇಲೆ ತಕ್ಕಡಿ ಕೊಟ್ಟ ಪಟ್ಟಿ ಒಟ್ಟು ತೂಕದ ಮೇಲಿನದ್ದು. ಮೀಟರ್ 25 ಅಂದರೆ ಒಟ್ಟು ತೂಕದಲ್ಲಿ 20. ಸೂತ್ರ ಸುಲಭ: ಮೀಟರಿನ ಅಂಕಿಯನ್ನು (100 + ಅದೇ ಅಂಕಿ) ಇಂದ ಭಾಗಿಸಿ 100ರಿಂದ ಗುಣಿಸಿ. 25/125, ಅಂದರೆ 20%. ಮೀಟರ್ ಅಂಕಿಯನ್ನು ನೇರ ಪಟ್ಟಿಗೆ ಹಾಕಿದರೆ ಹಸಿ ಸೌದೆಯ ಶಾಖ ಇರುವುದಕ್ಕಿಂತ ಕಡಿಮೆ ಅಂತ ಬರುತ್ತದೆ.

ಇನ್ನು, ಮೀಟರಿನಲ್ಲಿ 30 ದಾಟಿದ ಮೇಲೆ ಅದರ ಮಾತು ನಂಬುವಂತಿಲ್ಲ. ಮರದ ನಾರಿನ ಗೋಡೆ ತುಂಬುವ ತನಕ ಮಾತ್ರ ವಿದ್ಯುತ್ ರೋಧ ಸ್ಪಷ್ಟವಾಗಿ ಬದಲಾಗುತ್ತದೆ. ಅದು ಸುಮಾರು 28ರಿಂದ 30ಕ್ಕೆ ಮುಗಿಯುತ್ತದೆ. ಆಮೇಲೆ 35 ತೋರಿಸಿದರೂ 60 ತೋರಿಸಿದರೂ ‘ಹಸಿ’ ಎಂದಷ್ಟೇ ಬರೆದುಕೊಳ್ಳಿ.

ಚುಚ್ಚುವ ಜಾಗವೂ ಮುಖ್ಯ. ಹೊರಮೈಗೂ ತುದಿಗೂ ಚುಚ್ಚಿದರೆ 14 ಅನ್ನುತ್ತದೆ, ಅದೇ ತುಂಡನ್ನು ಸೀಳಿ ಒಳಮೈಯ ನಡುವಿಗೆ, ನಾರಿನ ಉದ್ದಕ್ಕೆ ಚುಚ್ಚಿದರೆ 27 ಅನ್ನಬಹುದು. ಎರಡನೆಯದೇ ನಿಜ. ಒಂದು ಮನೆಯ ರಾಶಿಯಿಂದ ಕನಿಷ್ಠ ಮೂರು ತುಂಡು: ಮೇಲಿಂದ, ನಡುವಿಂದ, ತಳದಿಂದ.

ಮೀಟರ್ ಇಲ್ಲದಿದ್ದರೆ ಓವನ್. ಸಣ್ಣ ಚಕ್ಕೆಗಳನ್ನು ತೂಗಿ 103 ಡಿಗ್ರಿಯಲ್ಲಿ ಇಡಿ. ಎರಡು ಗಂಟೆಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತಾಗ ಒಣಗಿತು ಅಂತ ಅರ್ಥ. ಹೆಚ್ಚು ಬಿಸಿ ಬೇಡ, 130 ದಾಟಿದರೆ ಮರದ ಬೇರೆ ಅಂಶಗಳೂ ಹಾರಿ ಲೆಕ್ಕ ಕೆಡುತ್ತದೆ.

ಮುಚ್ಚಳ

ಎಲ್ಲರೂ ಸೌದೆಯನ್ನೇ ಹಿಡಿದುಕೊಂಡಿದ್ದೀರಿ, ಪಾತ್ರೆಯ ಕಡೆ ಒಮ್ಮೆ ನೋಡಿ.

5 ಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ತರಲು ಬೇಕಾಗುವುದು 1.57 ಮೆಗಾಜೌಲ್. ಅದರಲ್ಲಿ 1 ಲೀಟರ್ ಆವಿಯಾಗಿ ಹಾರಿಹೋಗಲು 2.26 ಮೆಗಾಜೌಲ್. ಐದು ಲೀಟರ್ ಕುದಿಗೆ ತರುವುದಕ್ಕಿಂತ ಒಂದು ಲೀಟರ್ ಹಾರಿಸುವುದೇ ದುಬಾರಿ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ 12% ಪಾತ್ರೆಗೆ ಸೇರುತ್ತದೆ ಅಂತ ಹಿಡಿದರೆ ಆ ಒಂದು ಲೀಟರ್ ಆವಿಗೆ 1.3 ಕಿಲೋ ಒಣ ಸೌದೆ (20% ನೀರಿನದ್ದು) ಸುಟ್ಟಂತೆ.

ಕುದಿ ಬಂದ ಮೇಲೆ ದೊಡ್ಡ ಉರಿ ಹಾಕಿದರೆ ಬೇಗ ಬೇಯುವುದಿಲ್ಲ. ಸಣ್ಣಗೆ ಗುಳುಗುಳು ಅನ್ನುವ ನೀರೂ, ಕೊತಕೊತ ಕುದಿಯುವ ನೀರೂ ಒಂದೇ 100 ಡಿಗ್ರಿ. ಹೆಚ್ಚಿನ ಉರಿಯೆಲ್ಲ ಆವಿಗೆ. ಮುಚ್ಚಳ ಹಾಕಿ ನಾಲ್ಕು ಸೀಳಿನಲ್ಲಿ ಮೂರನ್ನು ಹೊರಗೆಳೆದರೆ ಅಡುಗೆ ಅಷ್ಟೇ ಹೊತ್ತಿಗೆ ಮುಗಿಯುತ್ತದೆ. ಇದು ‘ನಡವಳಿಕೆ’ ಅಂತ ಸಮೀಕ್ಷೆಗಳು ಪಕ್ಕಕ್ಕಿಡುವ ಅಂಶ, ಆದರೆ ಖರ್ಚಿನಲ್ಲಿ ಇದರ ಪಾಲು ಆದಾಯಕ್ಕಿಂತ ಕಡಿಮೆ ಅಂತ ನನಗನ್ನಿಸುವುದಿಲ್ಲ.

ಪ್ರಶ್ನಾವಳಿಯಲ್ಲಿ ‘ಮುಚ್ಚಳ ಹಾಕುತ್ತೀರಾ’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಅಡುಗೆ ಹೊತ್ತಿಗೆ ಹೋಗಿ ನೋಡಿ ಗುರುತು ಹಾಕಿಕೊಳ್ಳಿ. ಕಾಳು ನೆನೆಸುತ್ತಾರೆಯೇ, ಪ್ರೆಶರ್ ಕುಕ್ಕರ್ ಇದೆಯೇ ಅನ್ನುವುದೂ ಬೇಕು. ಕುಕ್ಕರಿನೊಳಗೆ ಸುಮಾರು 120 ಡಿಗ್ರಿ, ಆವಿಯೂ ಹೆಚ್ಚು ಹೋಗುವುದಿಲ್ಲ, ಗಟ್ಟಿ ಕಾಳು ಬೇಯುವ ಹೊತ್ತು ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಸಮೀಕ್ಷೆಯ ಜಾಗಗಳು ಬೇರೆ ಬೇರೆ ಎತ್ತರದಲ್ಲಿದ್ದರೆ ಅದನ್ನೂ ಬರೆದುಕೊಳ್ಳಿ. ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ, 1500 ಮೀಟರಿನಲ್ಲಿ ನೀರು ಕುದಿಯುವುದೇ 95ಕ್ಕೆ, ಬೇಯಲು ಹೆಚ್ಚು ಹೊತ್ತು ಬೇಕು.

ಕೊಳವೆ

ಒಲೆಯ ಬಗ್ಗೆ. ‘ಸುಧಾರಿತ ಒಲೆ ಇದೆಯೇ: ಹೌದು/ಇಲ್ಲ’ ಎಂಬ ಪ್ರಶ್ನೆ ದಯವಿಟ್ಟು ಹಾಕಬೇಡಿ. ಆ ಹೆಸರಿನಲ್ಲಿ ಎಲ್ಲವೂ ಬಂದುಬಿಡುತ್ತದೆ. 2018ರ ಐಎಸ್‌ಒ 19867 ಅಂತರರಾಷ್ಟ್ರೀಯ ಮಾನಕ ಸರಣಿಯಲ್ಲಿ ಶಾಖದ ದಕ್ಷತೆಗೆ, ಅಂದರೆ ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುವ ಪಾಲಿಗೆ, ದರ್ಜೆಗಳಿವೆ: 10%ಕ್ಕಿಂತ ಕೆಳಗಿದ್ದರೆ ದರ್ಜೆ 0, 10ರಿಂದ 1, 20ರಿಂದ 2, 30ರಿಂದ 3, 40ರಿಂದ 4, 50 ಮತ್ತು ಮೇಲೆ 5. ಮೂರು ಕಲ್ಲಿನ ಒಲೆ ಸಾಮಾನ್ಯವಾಗಿ 0 ಅಥವಾ 1ರಲ್ಲಿ ಬೀಳುತ್ತದೆ. ಗಾಳಿಗೆ ಮರೆ ಇದ್ದು, ಉರಿಯನ್ನು ಗಮನವಿಟ್ಟು ನೋಡಿಕೊಂಡರೆ ಮೇಲಕ್ಕೂ ಹೋಗುತ್ತದೆ. ಚೆನ್ನಾಗಿ ಕಟ್ಟಿದ ರಾಕೆಟ್ ಒಲೆ 25ರಿಂದ 35%. ಮುಚ್ಚಳ ಅವರು ಹೇಳಿದ 5 ಲೀಟರಿಗೆ 12% ಒಲೆಯಲ್ಲಿ 0.9 ಕಿಲೋ ಒಣ ಸೌದೆ ಬೇಕಾದರೆ 30% ಒಲೆಯಲ್ಲಿ 0.37 ಕಿಲೋ.

ಆದರೆ ‘ಚೆನ್ನಾಗಿ ಕಟ್ಟಿದ’ ಅನ್ನುವುದರಲ್ಲೇ ಎಲ್ಲ ಇದೆ. ಲ್ಯಾರಿ ವಿನಿಯಾರ್ಸ್ಕಿ 1980ರ ದಶಕದಲ್ಲಿ ರೂಪಿಸಿದ ಈ ರಾಕೆಟ್ ಒಲೆಯ ವಿನ್ಯಾಸದಲ್ಲಿ ಮೊಣಕೈ ಆಕಾರದ ಉರಿಗೂಡು ಇರುತ್ತದೆ. ಮನೆ ಬಳಕೆಗೆ ಅದರ ಅಡ್ಡಗಲ 10ರಿಂದ 12 ಸೆಂಟಿಮೀಟರ್, ಸೌದೆ ಬಾಯಿಯಿಂದ ಪಾತ್ರೆ ತಳದ ತನಕ ಹೊಗೆ ಹೋಗುವ ದಾರಿಯ ವಿಸ್ತೀರ್ಣ ಎಲ್ಲೂ ಕುಗ್ಗಬಾರದು. ಸೌದೆ ಕೂರಲು ಕೆಳಗೊಂದು ತಟ್ಟೆ, ಅದರಡಿಯಿಂದ ಗಾಳಿ. ಕೆಡುವುದು ಹೀಗೆ:

ತಟ್ಟೆ ಸುಟ್ಟುಹೋಗುತ್ತದೆ, ಯಾರೂ ಬದಲಿಸುವುದಿಲ್ಲ. ಸೌದೆ ನೆಲಕ್ಕೆ ಕೂತು ಅಡಿಯಿಂದ ಗಾಳಿ ನಿಲ್ಲುತ್ತದೆ, ಹೊಗೆ ಶುರು.

ಬಾಯಿ ಚಿಕ್ಕದಾಯಿತು ಅಂತ ಒಡೆದು ದೊಡ್ಡದು ಮಾಡುತ್ತಾರೆ. ದಪ್ಪ ಕೊರಡು ತುರುಕಲು ಅನುಕೂಲ, ಆದರೆ ತಣ್ಣನೆ ಗಾಳಿಯೂ ಅಷ್ಟೇ ನುಗ್ಗಿ ಉರಿಯನ್ನು ತಂಪು ಮಾಡುತ್ತದೆ. ಸೌದೆಯನ್ನು 3ರಿಂದ 4 ಸೆಂಟಿಮೀಟರ್ ದಪ್ಪಕ್ಕೆ ಸೀಳುವುದು ಬೇಸರದ ಕೆಲಸ, ಅದಕ್ಕೇ ಈ ಗತಿ. ಸೀಳುವ ಕೆಲಸ ಯಾರ ಪಾಲಿಗೆ ಬರುತ್ತದೆ, ಅವರ ಕೈಯಲ್ಲಿ ಕೊಡಲಿ ಇದೆಯೇ ಅನ್ನುವುದೂ ಖರ್ಚಿನ ಅಂಶವೇ.

ಪಾತ್ರೆಯ ಸುತ್ತ ತಗಡಿನ ಅಂಗಿ. ಪಾತ್ರೆಗೂ ಅದಕ್ಕೂ ನಡುವೆ 1 ಸೆಂಟಿಮೀಟರ್ ಬಿಡಬೇಕು. ಎರಡೂವರೆ ಆದರೆ ಬಿಸಿಗಾಳಿ ಪಾತ್ರೆಯನ್ನು ಮುಟ್ಟದೆ ಹೋಗುತ್ತದೆ. ಅರ್ಧಕ್ಕಿಂತ ಕಡಿಮೆಯಾದರೆ ಎಳೆತ ಕಟ್ಟಿ ಸೌದೆ ಬಾಯಿಯಿಂದಲೇ ಹೊಗೆ ಹಿಂದಕ್ಕೆ ಬರುತ್ತದೆ. ಪಾತ್ರೆ ಬದಲಾದರೆ ಅಂಗಿಯೂ ಬದಲಾಗಬೇಕು. ಒಂದೇ ಅಂಗಿಯಲ್ಲಿ ಮೂರು ಗಾತ್ರದ ಪಾತ್ರೆ ಇಡುವ ಮನೆಯಲ್ಲಿ ಲ್ಯಾಬಿನ ಅಂಕಿ ಮರೆತುಬಿಡಿ.

ಕರಿಗೊಬ್ಬ

ದಪ್ಪ ಮಣ್ಣಿನ ಒಲೆ ಶಾಖ ಹಿಡಿದಿಡುತ್ತದೆ, ಅದಕ್ಕೆ ಇಷ್ಟೆಲ್ಲ ಬೇಡವಲ್ಲ?

ಕೊಳವೆ

ಹಿಡಿದಿಡುತ್ತದೆ, ತನ್ನೊಳಗೆ. ಪಾತ್ರೆಗೆ ಕೊಡುವುದಿಲ್ಲ. 50 ಕಿಲೋ ಮಣ್ಣು ಸರಾಸರಿ 100 ಡಿಗ್ರಿ ಬಿಸಿ ಏರಲು ಸುಮಾರು 4.4 ಮೆಗಾಜೌಲ್ ಕುಡಿಯುತ್ತದೆ. ಅದೇ ಐದು ಲೀಟರ್ ನೀರಿಗೆ ಬೇಕಾದದ್ದರ ಹೆಚ್ಚುಕಡಿಮೆ ಮೂರು ಪಟ್ಟು. ದಿನವಿಡೀ ಉರಿಯುವ ಒಲೆಗೆ ಇದು ತೊಂದರೆ ಅಲ್ಲ, ಒಮ್ಮೆ ಕಾದರೆ ಆಯಿತು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಉರಿಸುವ ಮನೆಗೆ ಪ್ರತಿಸಲವೂ ಗೋಡೆ ಕಾಯಿಸುವ ದಂಡ. ಶಾಖ ತಡೆಯುವುದು ಭಾರವಲ್ಲ, ಒಳಗಿನ ಗಾಳಿಯ ಗುಳ್ಳೆ. ಉರಿಗೂಡಿನ ಸುತ್ತ ಬೂದಿಯೋ ಹಗುರ ರಂಧ್ರದ ಇಟ್ಟಿಗೆಯೋ ಇರಬೇಕು, ಗಟ್ಟಿ ಮಣ್ಣು ಹೊರಗಡೆ ಮಾತ್ರ.

ಒಲೆ ದಿನಕ್ಕೆ ಎಷ್ಟು ಸಲ ಹೊತ್ತಿಸುತ್ತಾರೆ ಅನ್ನುವ ಪ್ರಶ್ನೆ ಇದಕ್ಕಾಗಿಯೇ ಬೇಕು.

ಸೊನ್ನೆ

ಅಂಕಿಅಂಶದ ಕಡೆಯಿಂದ. ಟೋಬಿಟ್ ಸಾಕೇ ಎಂಬುದಕ್ಕೆ ಉತ್ತರ: ಬಹುಮಟ್ಟಿಗೆ ಸಾಲದು.

ಸೌದೆ ಖರ್ಚಿನ ದತ್ತಾಂಶದಲ್ಲಿ ಸೊನ್ನೆಗಳೇ ರಾಶಿ. ಆ ಸೊನ್ನೆಗಳು ನಾಲ್ಕು ಬಗೆ. ಸೌದೆಯನ್ನೇ ಬಳಸದವರು, ಬಳಸುವವರು ಆದರೆ ತಾವೇ ಆರಿಸಿ ತರುವವರು, ಕೊಳ್ಳುವವರು ಆದರೆ ಕೇಳಿದ ವಾರದಲ್ಲಿ ಕೊಳ್ಳದವರು, ಕೆಲಸಕ್ಕೆ ಬದಲಾಗಿ ಸೌದೆ ಪಡೆದವರು. ನಾಲ್ಕನ್ನೂ ಒಂದೇ 0 ಅಂತ ತುಂಬಿದರೆ ಯಾವ ಮಾದರಿಯೂ ಉಳಿಸಲಾರದು.

ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1958ರಲ್ಲಿ ಕೊಟ್ಟ ಈ ಟೋಬಿಟ್ ಮಾದರಿಯ ಒಳಗೊಂದು ಕಟ್ಟುಪಾಡಿದೆ: ಕೊಳ್ಳಬೇಕೇ ಬೇಡವೇ ಎಂಬುದನ್ನೂ, ಕೊಂಡರೆ ಎಷ್ಟು ಎಂಬುದನ್ನೂ ಅದೇ ಅಂಶಗಳು ಅದೇ ದಿಕ್ಕಿನಲ್ಲಿ ತಳ್ಳುತ್ತವೆ. ಸೌದೆಯಲ್ಲಿ ಇದು ನಿಲ್ಲುವುದಿಲ್ಲ. ದೂರವನ್ನೇ ತೆಗೆದುಕೊಳ್ಳಿ. ಕಾಡು ದೂರವಾದಷ್ಟೂ ಆರಿಸಿ ತರುವುದು ಬಿಟ್ಟು ಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಸಾಗಣೆ ಸೇರಿ ದರವೂ ಏರುವುದರಿಂದ ಕೊಳ್ಳುವ ಪ್ರಮಾಣ ಕಡಿಮೆ. ಒಂದು ಅಂಶ, ಎರಡು ದಿಕ್ಕು. ಇದಕ್ಕೆ 1971ರ ಕ್ರ್ಯಾಗ್ ಮಾದರಿ, ಅಂದರೆ ಕೊಳ್ಳುತ್ತಾರೆಯೇ, ಕೊಂಡರೆ ಎಷ್ಟು ಎಂದು ಎರಡು ಹಂತದಲ್ಲಿ ನೋಡುವುದು, ಹೆಚ್ಚು ಒಗ್ಗುತ್ತದೆ. ಹೆಕ್‌ಮನ್ 1979ರ ವಿಧಾನ (ಕೊಂಡವರ ಅಂಕಿಯನ್ನಷ್ಟೇ ನೋಡಿದಾಗ ಬರುವ ಓರೆಯನ್ನು ತಿದ್ದುವುದು) ಬಳಸುವುದಾದರೆ ಕೊಳ್ಳುವ ತೀರ್ಮಾನವನ್ನು ಮಾತ್ರ ಮುಟ್ಟಿ ಪ್ರಮಾಣವನ್ನು ಮುಟ್ಟದ ಒಂದು ಅಂಶ ಬೇಕು. ಪ್ರಾಮಾಣಿಕವಾಗಿ ಹುಡುಕಿದರೆ ಅಂಥದ್ದು ಸಿಗುವುದು ಅಪರೂಪ.

ಸೊನ್ನೆಗೆ ಲಾಗ್ (ಲಾಗರಿದಮ್) ಇಲ್ಲದ್ದರಿಂದ 1 ಕೂಡಿಸಿ ಲಾಗ್ ತೆಗೆಯುವ ಚಾಳಿಯೊಂದಿದೆ. ಖರ್ಚನ್ನು ನೂರರ ನೋಟಿನಲ್ಲಿ ಬರೆದರೆ ಒಂದು ಉತ್ತರ, ಚಿಲ್ಲರೆ ಕಾಸಿನಲ್ಲಿ ಬರೆದರೆ ಇನ್ನೊಂದು. ಹಣದ ಏಕಮಾನ ಬದಲಾಯಿಸಿದರೆ ಫಲಿತಾಂಶವೇ ಬದಲಾಗುವ ವಿಧಾನ ಯಾಕೆ ಬೇಕು?

ಆದಾಯವನ್ನು ಒಂದೇ ಗೆರೆಯಾಗಿ ಹಾಕಬೇಡಿ. ಕೆಳಗಿನ ಹಂತದಲ್ಲಿ ಆದಾಯ ಏರಿದರೆ ಸೌದೆ ಖರ್ಚು ಏರುತ್ತದೆ, ಯಾಕಂದರೆ ಆರಿಸುವ ಹೊತ್ತಿಗೆ ಕೂಲಿ ಸಿಗುತ್ತದೆ, ಕೊಳ್ಳುವುದೇ ವಾಸಿ ಅನ್ನಿಸುತ್ತದೆ. ಇನ್ನೂ ಏರಿದರೆ ಗ್ಯಾಸಿನ ಕಡೆ ವಾಲುತ್ತದೆ, ಸೌದೆ ಖರ್ಚು ಇಳಿಯುತ್ತದೆ. ಗುಡ್ಡದ ಆಕಾರ. ಸರಳ ಗೆರೆ ಎಳೆದರೆ ಏರೂ ಇಳಿತವೂ ಒಂದನ್ನೊಂದು ಹೊಡೆದು ‘ಆದಾಯದ ಪ್ರಭಾವ ಇಲ್ಲ’ ಅಂತ ಬರುತ್ತದೆ. ಓದಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಮನೆ ಯಜಮಾನರ ಓದಿಗಿಂತ ಅಡುಗೆ ಮಾಡುವವರ ಓದು, ಅವರಿಗೆ ಹೊರಗೆ ದುಡಿಮೆ ಇದೆಯೇ ಅನ್ನುವುದು ಹೆಚ್ಚು ಹೇಳುತ್ತದೆ.

ಖರ್ಚನ್ನು ಪ್ರಮಾಣದಿಂದ ಭಾಗಿಸಿ ಬಂದದ್ದನ್ನು ‘ದರ’ ಅನ್ನಬೇಡಿ. ಅದರಲ್ಲಿ ಸಗಟು ರಿಯಾಯಿತಿಯೂ ಇದೆ, ತಕ್ಕಡಿ ಹೇಳಿದ ತೇವವೂ ಇದೆ. ಆ ಪ್ರದೇಶದ ಮನೆಗಳ ಮಧ್ಯಾಂಕ ದರ ತೆಗೆದು ಎಲ್ಲರಿಗೂ ಅದನ್ನೇ ಹಾಕುವುದು ಮೇಲು.

ಪಟ್ಟಿಗಾರ

ಗ್ಯಾಸ್ ಇದೆಯೇ ಎಂಬ ಪ್ರಶ್ನೆ ಹಾಗೇ ಇರಬಹುದಾ? ಗ್ಯಾಸ್ ಬಂದರೆ ಸೌದೆ ಖರ್ಚು ನಿಲ್ಲಬೇಕಲ್ಲ?

ಸೊನ್ನೆ

ನಿಲ್ಲುವುದಿಲ್ಲ. ಹಳೆಯ ‘ಇಂಧನ ಏಣಿ’ಯ ಚಿತ್ರ ಹಾಗೆ ಹೇಳುತ್ತಿತ್ತು: ಮೇಲಿನ ಮೆಟ್ಟಿಲು ಹತ್ತಿದವರು ಕೆಳಗಿನದನ್ನು ಬಿಡುತ್ತಾರೆ ಅಂತ. ಮೆಕ್ಸಿಕೊದ ಮನೆಗಳನ್ನು ನೋಡಿ ಸಂಶೋಧಕ ಒಮರ್ ಮಸೆರಾ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಶ್ನಿಸಿದರು. ಮನೆಗಳು ಏಣಿ ಹತ್ತುವುದಿಲ್ಲ, ಇಂಧನಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಳ್ಳುತ್ತವೆ. ಬೇಗ ಆಗುವ ಕೆಲಸಕ್ಕೆ ಗ್ಯಾಸ್, ಗಂಟೆಗಟ್ಟಲೆ ಬೇಯುವುದಕ್ಕೆ ಸೌದೆ. ಆದ್ದರಿಂದ ‘ಇದೆಯೇ’ ಅಲ್ಲ, ‘ಯಾವ ಕೆಲಸಕ್ಕೆ ಯಾವುದು’ ಅಂತ ಕೇಳಿ.

ಮುಚ್ಚಳ

ಸ್ನಾನದ ನೀರನ್ನು ಮರೆಯಬೇಡಿ. 20 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ತರಲು 2.1 ಮೆಗಾಜೌಲ್. ಅಡುಗೆಯ 5 ಲೀಟರ್ ಕುದಿಗಿಂತ ಹೆಚ್ಚು. ಸೌದೆ ಒಂದೇ ರಾಶಿಯಿಂದ ಹೋಗುತ್ತದೆ, ಮನೆಯವರು ಅದನ್ನು ಅಡುಗೆ ಖರ್ಚು ಅಂತಲೇ ಹೇಳುತ್ತಾರೆ. ಚಳಿಗಾಲದಲ್ಲಿ ‘ಅಡುಗೆ’ ಖರ್ಚು ಏರಿತು ಅಂತ ಬರೆಯುವ ವರದಿಗಳು ಬಹಳಷ್ಟು ಸಲ ಬಚ್ಚಲ ಒಲೆಯನ್ನು ಅಳೆದಿರುತ್ತವೆ.

ಸಿಬಿರು

ಪಟ್ಟಿಗೆ ಇನ್ನೊಂದು: ಮಳೆಗೆ ನೆನೆಯದ ಜಾಗ ಮನೆಯಲ್ಲಿ ಎಷ್ಟಿದೆ?

ಜಾಗ ಇರುವವರು ಬೇಸಿಗೆಯಲ್ಲಿ ಗಾಡಿ ಲೆಕ್ಕದಲ್ಲಿ ಹಸಿದನ್ನೇ ಕೊಂಡು ಒಣಗಿಸುತ್ತಾರೆ. ಜಾಗ ಇಲ್ಲದವರು, ಅಥವಾ ಒಟ್ಟಿಗೆ ಅಷ್ಟು ದುಡ್ಡು ಕೈಯಲ್ಲಿ ಇಲ್ಲದವರು, ದಿನಕ್ಕೊಂದು ಸಣ್ಣ ಕಟ್ಟು ಕೊಳ್ಳುತ್ತಾರೆ. ಸಣ್ಣ ಕಟ್ಟಿಗೆ ಕಿಲೋ ದರ ಹೆಚ್ಚು, ಮಳೆಗಾಲದಲ್ಲಿ ಅದು ತೇವವೂ ಹೌದು. ಬಡವರ ಮನೆಯ ಸೌದೆ ದುಬಾರಿಯಾಗುವುದು ಹೀಗೆ. ನಿಮ್ಮ ಆದಾಯದ ಕಲಂ ಇದನ್ನು ಅರ್ಧ ಮಾತ್ರ ಹಿಡಿಯುತ್ತದೆ.

ತೂಕಕ್ಕೆ ಹಸಿ ಸೌದೆ ಕೊಂಡು ಒಣಗಿಸುವುದು ಲಾಭವೇ ಎಂಬುದಕ್ಕೊಂದು ಗಟ್ಟಿ ಲೆಕ್ಕ: 50% ನೀರಿನ 100 ಕಿಲೋದಲ್ಲಿ ಮರ 50 ಕಿಲೋ. ಅದು 20%ಕ್ಕೆ ಒಣಗಿದಾಗ ತೂಕ 62.5 ಕಿಲೋ. ಹಾಗಾಗಿ ಹಸಿಯ ದರ ಒಣ ಸೌದೆಯ ದರದ 62.5%ಕ್ಕಿಂತ ಕಡಿಮೆ ಇರಲೇಬೇಕು. ಗೆದ್ದಲು, ಕೊಳೆತ, ಪುಡಿ ಅಂತ ಕೊಂಚ ಹೋಗುತ್ತದೆ, 55% ಒಳಗಿದ್ದರೆ ಯೋಚಿಸಬಹುದು.

ಒಣಗಿಸುವಾಗ ಆಗುವ ದೊಡ್ಡ ತಪ್ಪು, ರಾಶಿಯನ್ನು ಟಾರ್ಪಾಲಿನಲ್ಲಿ ನೆಲದ ತನಕ ಸುತ್ತಿಬಿಡುವುದು. ಒಳಗಿನ ಆವಿ ಒಳಗೇ ನೀರಾಗಿ ಇಳಿದು ಬೂಷ್ಟು ಹಿಡಿಯುತ್ತದೆ. ಮೇಲ್ಭಾಗ ಮಾತ್ರ ಮುಚ್ಚಿ, ಪಕ್ಕ ಬಿಡಿ. ನೆಲದಿಂದ 10ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ಅಡ್ಡಗೋಲು ಹಾಕಿ. ಸೀಳಿಯೇ ಪೇರಿಸಿ, ತೊಗಟೆ ಸುತ್ತಿದ ಇಡೀ ಕೊರಡಿನೊಳಗಿನ ನೀರು ತುದಿಯಿಂದಲೇ ಹೊರಡಬೇಕು, ವರ್ಷ ಕಳೆದರೂ ಒಳಗೆ ಹಸಿ ಇರುತ್ತದೆ. ಬಿಸಿಲು ಗಾಳಿ ಎರಡೂ ಇದ್ದರೆ ಸಣ್ಣ ಸೀಳುಗಳು ಕೆಲವೇ ವಾರಗಳಲ್ಲಿ ಸಿದ್ಧ. ರಾಶಿ ನಡುವಿನ ಒಂದು ಸೀಳಿಗೆ ಬಣ್ಣ ಹಚ್ಚಿ ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದಿದ್ದರೆ ಇನ್ನು ಕಾದು ಪ್ರಯೋಜನವಿಲ್ಲ.

ಕರಿಗೊಬ್ಬ

ಅಡುಗೆ ಮುಗಿದ ಮೇಲಿನ ಕೆಂಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದ್ದಿಲು ಕಿಲೋಗೆ ಸುಮಾರು 29 ಮೆಗಾಜೌಲ್, ಅಂದರೆ ಒಣ ಸೌದೆಯ ಎರಡರಷ್ಟು. ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ ಹಾಕಿ ಉಸಿರು ಕಟ್ಟಿಸಿ ಆರಿಸಿದರೆ ಮುಂದಿನ ಸಲಕ್ಕೆ ಸಿಗುತ್ತದೆ. ನೀರು ಹೊಯ್ದು ಆರಿಸಿದರೆ ಮತ್ತೆ ಒಣಗಿಸುವ ಕೆಲಸ. ಆದರೆ ಡಬ್ಬ ಪೂರ್ತಿ ತಣ್ಣಗಾಗುವ ತನಕ ಅಂಗಳದಲ್ಲೇ ಇರಲಿ. ಆರಿದಂತೆ ಕಾಣುವ ಕೆಂಡ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತಿರುತ್ತದೆ, ಅದಕ್ಕೆ ವಾಸನೆ ಇಲ್ಲ. ಮಲಗುವ ಕೋಣೆಗೆ ತರಲೇಬಾರದು.

ಪಟ್ಟಿಗಾರ

ಮನೆಮಂದಿಯ ಸಂಖ್ಯೆ ಸುಮ್ಮನೆ ತಲೆ ಎಣಿಸಿದರೆ ಸಾಕೇ? ಪ್ರಮಾಣ ಅಳೆಯುವುದು ಹೇಗೆ? ‘ವಾರಕ್ಕೆ ಎಷ್ಟು ಹೊರೆ’ ಅಂತ ಕೇಳಿದರೆ ಆಗದೇ?

ತಕ್ಕಡಿ

ಹೊರೆ ಎಂಬುದು ಅಳತೆ ಅಲ್ಲ. ಹೊರುವವರ ಮೇಲೆ, ದೂರದ ಮೇಲೆ, ಮಳೆಯ ಮೇಲೆ ಬದಲಾಗುತ್ತದೆ. ಅಡುಗೆಮನೆ ಬಳಕೆಯ ಪರೀಕ್ಷೆ ಅಂತ ಒಂದು ಪದ್ಧತಿ ಇದೆ, ಅದನ್ನೇ ಮಾಡಿ. ಎಲ್ಲ ಮನೆಗಳಲ್ಲೂ ಬೇಡ, ಮಾದರಿಯ ಒಂದು ಭಾಗದಲ್ಲಿ ಮಾಡಿದರೆ ಉಳಿದವರ ಬಾಯಿಲೆಕ್ಕವನ್ನು ತಿದ್ದಬಹುದು.

ಮೊದಲ ದಿನ ರಾಶಿಯೊಂದನ್ನು ಬೇರೆಯಿಟ್ಟು ತೂಗಿ, ‘ಇದರಿಂದ ಮಾತ್ರ ತೆಗೆಯಿರಿ’ ಅಂತ ಹೇಳಿ. ಎಷ್ಟು ಬೇಕಾಗಬಹುದು ಅಂತ ಅವರು ಹೇಳುವುದಕ್ಕಿಂತ ಒಂದೂವರೆ ಪಟ್ಟು ಇಡಿ, ಸಾಲದೆ ಹೋದರೆ ಬೇರೆ ಕಡೆಯಿಂದ ತರುತ್ತಾರೆ, ದಿನ ವ್ಯರ್ಥ. 24 ಗಂಟೆ ಬಿಟ್ಟು ಉಳಿದದ್ದನ್ನು ತೂಗಿ, ಸೇರಿಸಿದ್ದನ್ನೂ ತೂಗಿ, ಮೂರು ತುಂಡಿನ ತೇವ ನೋಡಿ. ಕನಿಷ್ಠ ಮೂರು ದಿನ. ಹಬ್ಬ, ನೆಂಟರು ಇರುವ ದಿನ ಬೇಡ. ಗ್ಯಾಸ್ ಇದ್ದರೆ ಸಿಲಿಂಡರನ್ನೂ ತೂಗಿ.

ಊಟಕ್ಕೆ ಕೂತವರನ್ನು ಪ್ರತಿದಿನ ಎಣಿಸಿ, ಒಬ್ಬೊಬ್ಬರಿಗೆ ಈ ಪಾಲಿನ ಲೆಕ್ಕದಲ್ಲಿ ಕೂಡಿಸಿ: 14 ವರ್ಷದವರೆಗಿನ ಮಕ್ಕಳು 0.5, 14 ದಾಟಿದ ಹೆಂಗಸರು 0.8, 15ರಿಂದ 59ರ ಗಂಡಸರು 1.0, 59 ದಾಟಿದ ಗಂಡಸರು 0.8. ಒಬ್ಬ ಗಂಡಸು, ಇಬ್ಬರು ಹೆಂಗಸರು, ಇಬ್ಬರು ಮಕ್ಕಳಿದ್ದರೆ 5 ಅಲ್ಲ, 3.6. ದಿನಕ್ಕೆ 5.4 ಕಿಲೋ ಹೋದರೆ ಈ ಲೆಕ್ಕದ ತಲೆಗೆ 1.5 ಕಿಲೋ.

ಮಾದರಿಯಲ್ಲಿ ಈ ಸಂಖ್ಯೆಯ ಲಾಗ್ ಹಾಕಿ. ಮಂದಿ ಎರಡು ಪಟ್ಟಾದರೆ ಸೌದೆ ಎರಡು ಪಟ್ಟಾಗುವುದಿಲ್ಲ. ಒಲೆ ಕಾಯಿಸುವುದು, ಉರಿ ಹಿಡಿಸುವುದು, ಪಾತ್ರೆಯ ಮೈಯಿಂದ ಹೋಗುವ ಶಾಖ ಇಬ್ಬರಿಗೂ ಆರು ಜನಕ್ಕೂ ಹೆಚ್ಚುಕಡಿಮೆ ಅಷ್ಟೇ. ಚಿಕ್ಕ ಸಂಸಾರಕ್ಕೆ ತಲಾ ಖರ್ಚು ಹೆಚ್ಚು ಬಂದರೆ ಅದು ದುಂದುಗಾರಿಕೆ ಅಂತ ವರದಿಯಲ್ಲಿ ಬರೆಯಬೇಡಿ.

ಸೊನ್ನೆ

ಬಾಯಿಲೆಕ್ಕಕ್ಕೆ ಇನ್ನೊಂದು ಮಾತು. ‘ಕಳೆದ 7 ದಿನದಲ್ಲಿ ಎಷ್ಟು ಖರ್ಚು’ ಅಂತ ಕೇಳಿದರೆ ಗಾಡಿ ಲೆಕ್ಕದಲ್ಲಿ ಕೊಳ್ಳುವವರು ಒಂದೋ 0, ಇಲ್ಲವೇ ಮೂರು ತಿಂಗಳಿನದ್ದು ಒಟ್ಟಿಗೆ. ‘ಕೊನೆಯ ಸಲ ಕೊಂಡದ್ದು ಯಾವಾಗ, ಎಷ್ಟಕ್ಕೆ, ಎಷ್ಟು ದಿನ ಬಂತು ಅಥವಾ ಬರುತ್ತದೆ’ ಎಂಬ ಮೂರು ಪ್ರಶ್ನೆಯಿಂದ ದಿನದ ಖರ್ಚು ತೆಗೆಯಿರಿ. ಸಾಗಣೆ, ಸೀಳುಗೂಲಿ ಬೇರೆ ಕೊಟ್ಟಿದ್ದರೆ ಅದಕ್ಕೆ ಪ್ರತ್ಯೇಕ ಕಲಂ, ಇಲ್ಲದಿದ್ದರೆ ಸೀಳಿದ ಸೌದೆ ಕೊಂಡವರು ದುಬಾರಿಯಾಗಿ ಕಾಣುತ್ತಾರೆ.

ಪಟ್ಟಿಗಾರ

ತೂಗಲು 50 ಕಿಲೋದ ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಇದೆ, 500 ಗ್ರಾಂ ಗೆರೆಗಳು. ನಡೆಯುತ್ತದೆಯೇ?

ತಕ್ಕಡಿ

ನಡೆಯುವುದಿಲ್ಲ. ದಿನದ ಬಳಕೆಯೇ ಐದು ಕಿಲೋ ಆಸುಪಾಸು, ಅದು ಎರಡು ತೂಕಗಳ ವ್ಯತ್ಯಾಸದಿಂದ ಬರುವ ಅಂಕಿ. ಎರಡೂ ಸಲ ಅರ್ಧ ಗೆರೆ ತಪ್ಪಿ ಓದಿದರೆ ಅರ್ಧ ಕಿಲೋ, ಅಂದರೆ 10% ಅಲ್ಲೇ ಹೋಯಿತು. 50 ಗ್ರಾಂ ತೋರಿಸುವ ಡಿಜಿಟಲ್ ಕೊಕ್ಕೆ ತಕ್ಕಡಿ ತನ್ನಿ, ಸೌದೆಯನ್ನು ಒಂದೇ ಹಗ್ಗ, ಒಂದೇ ಗೋಣಿಯಲ್ಲಿ ಕಟ್ಟಿ ತೂಗಿ, ಗೋಣಿಯ ತೂಕ ಕಳೆಯಿರಿ. ಮಳೆಯಲ್ಲಿ ಗೋಣಿ ನೆಂದಿದ್ದರೆ ಅದನ್ನು ಮತ್ತೆ ತೂಗಿಕೊಳ್ಳಬೇಕು. ಪ್ರತಿದಿನ ಹೊರಡುವ ಮುಂಚೆ 10 ಲೀಟರ್ ನೀರು ತುಂಬಿದ ಒಂದೇ ಕ್ಯಾನನ್ನು ನೇತುಹಾಕಿ ನೋಡಿ. ಖಾಲಿ ಕ್ಯಾನಿನ ತೂಕ ಕಳೆದ ಮೇಲೆ 10 ಕಿಲೋಗೆ 100 ಗ್ರಾಂಗಿಂತ ಹೆಚ್ಚು ಆಚೀಚೆ ಬಂದರೆ ಆ ದಿನ ಆ ತಕ್ಕಡಿ ಮನೆಯಲ್ಲೇ ಇರಲಿ.